ನಲವತ್ತೆಂಟನೆಯ ಗೆರೆ

ನೆಟ್ಟಣ ನಿಲ್ದಾಣದಲ್ಲಿ ಪುತ್ತೂರಿಗೆ ಎರಡು ಟಿಕೇಟು ತೆಗೆದುಕೊಂಡಾಗ ಮಂಜು ಇನ್ನೂ ಹಳಿಗಳ ಮೇಲೆಯೇ ಇತ್ತು. ೧೯೮೪ರ ಫೆಬ್ರವರಿ. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಮೈಲು. ಜೀಪಿನಲ್ಲಿ ಹೋಗೋಣವೆಂದರೆ ಅಣ್ಣ ಕೇಳಲಿಲ್ಲ.

"ದಿನಾ ನಡೀಬೇಕು ಅಂತ ಡಾಕ್ಟ್ರು ಹೇಳಿದ್ದಲ್ವಾ? ಇವತ್ತೊಂದು ದಿನ ನಡೀತೇನೆ. ನಾಳೆಯಿಂದ ಯಾರು ಕೇಳ್ತಾರೆ, ಮಾರಾಯ್ತಿ!"

ಅವನ ಉತ್ಸಾಹಕ್ಕೆ ಕಾರಣ ಅಡುಗೆಮನೆಯ ಗೋಡೆಯಲ್ಲಿತ್ತು. ಮಂಗಳೂರಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆ ತೆಗೆಸಿಕೊಂಡು ಮನೆಗೆ ಬಂದಂದಿನಿಂದ ಅಲ್ಲಿ ದಿನಕ್ಕೊಂದು ಮಸಿಯ ಗೆರೆ ಎಳೆಯುತ್ತಿದ್ದ. ಹಳ್ಳಿಮದ್ದಿಗೆ ನಮ್ಮಲ್ಲಿ ಒಂದು ಮಂಡಲ ಪಥ್ಯ, ಅಂದರೆ ನಲವತ್ತೆಂಟು ದಿನ. ಡಾಕ್ಟರು ಹೇಳಿದ ಊಟದ ಕ್ರಮವನ್ನೂ ಅವನು ಹಾಗೆಯೇ ತಿಳಿದುಕೊಂಡಿದ್ದ. ಬೆಳಿಗ್ಗೆ ನಲವತ್ತೆಂಟನೆಯ ಗೆರೆ ಎಳೆದು, ರಾತ್ರಿಗೆ ಹಂದಿಮಾಂಸ ಮಾಡಲು ಅತ್ತಿಗೆಗೆ ಹೇಳಿ, ಬೀಡಿಯ ಒಂದು ಹೊಸ ಕಟ್ಟನ್ನು ಕಿಸೆಗೆ ಹಾಕಿಕೊಂಡು ಹೊರಟಿದ್ದ. ಹಾಗಲ್ಲ ಎನ್ನಲು ನನಗೆ ಧೈರ್ಯ ಬಂದಿರಲಿಲ್ಲ. ಮಂಡಲ ಕಳೆದರೆ ಮುಗಿಯಿತು ಎಂಬ ಆಸೆಯಲ್ಲಿಯೇ ಅವನು ಬೀಡಿ ಬಿಟ್ಟದ್ದು. ಆಪರೇಷನ್ ಆದ ಮೇಲೆ ಇದು ಮೊದಲ ಪರೀಕ್ಷೆ. ಗೆಡ್ಡೆ ಮತ್ತೆ ಬಂದಿದೆಯೋ ಏನೋ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ನಲವತ್ತು ಕಿಲೋಮೀಟರಿನಷ್ಟು ದಾರಿ; ಇಬ್ಬರದೂ ಸೇರಿ ಐದು ರೂಪಾಯಿ ಆಗಲಿಲ್ಲ. ಕೋಡಿಂಬಾಳ ದಾಟಿದ ಮೇಲೆ ಒಂದು ತಿರುವು ಬರುತ್ತದೆ. ಅಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ನವೆಂಬರಿನಲ್ಲಿ ಇದೇ ರೈಲಿನಲ್ಲಿ ಮದುವೆಗೆ ಹೋಗುತ್ತಿದ್ದಾಗ ಅಣ್ಣ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ. ಒಮ್ಮೆಲೇ ಕುತ್ತಿಗೆ ವಾಲಿತು, ಕಂಬಿ ಹಿಡಿದ ಕೈ ಬಿಟ್ಟುಹೋಯಿತು. ಕೈಗೆ ಸಿಕ್ಕಿದ ಅಂಗಿಯನ್ನು ಹಿಡಿದು ಎಳೆದೆ. ಎರಡು ಗುಂಡಿಗಳು ಹಾರಿಹೋದವು, ಬಟ್ಟೆ ಹರಿಯಲಿಲ್ಲ. ಕೆಳಗೆ ಓಡುತ್ತಿದ್ದ ಜಲ್ಲಿಕಲ್ಲುಗಳು ಈಗಲೂ ನಿದ್ದೆಯಲ್ಲಿ ಬರುತ್ತವೆ.

ಅಂದು ಪುತ್ತೂರಿನ ಡಾಕ್ಟರು ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲ" ಎಂದಿದ್ದರು. ಮಲದಲ್ಲಿ ಕೆಂಪು ಹೋಗುತ್ತದೆಯೇ ಎಂದು ಕೇಳಿದರೆ ಅಣ್ಣ, "ಒಂದು ವರ್ಷದಿಂದ ಉಂಟು. ಉಷ್ಣ ಅಂತ ಪುನರ್ಪುಳಿ ಶರಬತ್ತು ಕುಡೀತೇನಲ್ಲ, ಅದರ ಬಣ್ಣ" ಎಂದಿದ್ದ. ಹೊತ್ತುಹೊತ್ತಿಗೆ ಆ ಕೆಂಪು ಹಣ್ಣಿನ ಶರಬತ್ತು ಮಾಡಿಕೊಟ್ಟವಳು ನಾನು. ಬಿ.ಎಸ್ಸಿ. ಓದಿದವಳು, ಕಡಬದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು.

ಎಡಮಂಗಲದಲ್ಲಿ ಕೋಳಿ ವ್ಯಾಪಾರದ ಇಸುಬು ಬ್ಯಾರಿ ಬುಟ್ಟಿ ಸಮೇತ ಹತ್ತಿದರು. ಪುತ್ತೂರಿನಲ್ಲಿ ಅಂದು ಸೋಮವಾರದ ಸಂತೆ.

"ಎಂತ ಗೌಡ್ರೆ, ಇಷ್ಟು ಸಪೂರ? ಬಸಳೆ ಚಪ್ಪರಕ್ಕೆ ನಿಮ್ಮನ್ನೇ ಕಂಬ ಮಾಡಬಹುದು!"

"ಇವತ್ತಿಗೆ ಪಥ್ಯ ಮುಗೀತು ಬ್ಯಾರಿಗಳೇ. ಇನ್ನು ನೋಡಿ."

"ಎಂತದು ಪಥ್ಯ! ನನ್ನ ಮಾವ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದ್ರು."

ಅಣ್ಣ ನನ್ನತ್ತ ತಿರುಗಿದ. "ಕೇಳಿದ್ಯಾ?"

"ಸೇದಿ ಬೇಗ ಹೋದವರು ರೈಲು ಹತ್ತಿ ಕಥೆ ಹೇಳ್ಲಿಕ್ಕೆ ಬರುದಿಲ್ಲ ಅಣ್ಣ" ಎಂದೆ. ಬ್ಯಾರಿಗಳು ಜೋರಾಗಿ ನಕ್ಕರು. ಅಣ್ಣ ನಗಲಿಲ್ಲ.

ಪುತ್ತೂರಿನಲ್ಲಿ ಬಿಸಿಲು ಏರಿತ್ತು. ಡಾಕ್ಟರು ಅಣ್ಣನನ್ನು ಒಳಗೆ ಮಲಗಿಸಿ, ದೀಪವಿರುವ ನಳಿಗೆಯನ್ನು ಕರುಳಿಗೆ ಹಾಕಿ ನೋಡುವಷ್ಟು ಹೊತ್ತು ನಾನು ಹೊರಗಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ, ಅಂದು ಅಂಗಿಯನ್ನು ಹಿಡಿದ ಹಾಗೆ. ಕೊನೆಗೆ ಕರೆದರು.

"ಹೊಲಿಗೆ ಚಂದ ಮಾಗಿದೆ. ಹೊಸದಾಗಿ ಎಂತದೂ ಕಾಣುದಿಲ್ಲ."

ಅಣ್ಣ ಅಂಗಿಯ ಗುಂಡಿ ಹಾಕುತ್ತಾ, "ಮಂಡಲವೂ ಮುಗೀತು ಡಾಕ್ಟ್ರೆ, ನಲವತ್ತೆಂಟು ದಿನ" ಎಂದ.

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕನ್ನಡಕ ತೆಗೆದರು. "ಇದು ಮಂಡಲದ ಪಥ್ಯ ಅಲ್ಲ ಗೌಡ್ರೆ."

"ಮತ್ತೆ ಎಷ್ಟು ದಿನ?"

"ನಿಮಗೆ ಎಷ್ಟು ದಿನ ಬದುಕ್ಲಿಕ್ಕೆ ಮನಸ್ಸುಂಟು?"

ಆಮೇಲೆ ಸಮಾಧಾನದಿಂದ ಬಿಡಿಸಿ ಹೇಳಿದರು. ಸೊಪ್ಪು, ಬೇಳೆಕಾಳು, ಕುಚ್ಚಲಕ್ಕಿ ಅನ್ನ, ದಿನಾ ನಡಿಗೆ. ಬೀಡಿ, ಸಾರಾಯಿ ಬೇಡವೇ ಬೇಡ. ಹಂದಿಮಾಂಸ ಹಬ್ಬಕ್ಕೆ ಎರಡು ತುಂಡು. ಇದರಿಂದ ಅಪಾಯ ತಗ್ಗಬಹುದು, ಖಾತ್ರಿ ಎಂದು ಯಾರೂ ಹೇಳಲಾರರು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಬರಬೇಕು. ಕೆಂಪು ಕಂಡರೆ ಪುನರ್ಪುಳಿಯ ಮೇಲೆ ಹಾಕದೆ ಅಂದೇ ಬರಬೇಕು. "ನೀವೂ ಅಷ್ಟೇ ಟೀಚರೇ, ಒಡಹುಟ್ಟಿದವರು ಜಾಗ್ರತೆ ಇರ್ಬೇಕು" ಎಂದರು.

ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಹರಿವೆ ಪಲ್ಯ ಉಂಡೆವು. ಸಾಯಂಕಾಲದ ರೈಲಿನಲ್ಲಿ ಎಡಮಂಗಲ ಕಳೆದ ಕೂಡಲೇ ಅಣ್ಣ ಎದ್ದು ಬಾಗಿಲಿಗೆ ಹೋದ. ನಾನು ಓಡಿಹೋಗಿ ಹಿಂದಿನಿಂದ ಅಂಗಿ ಹಿಡಿದೆ.

"ಬಿಡು, ಬೀಳುದಿಲ್ಲ" ಎಂದ. "ಗಾಳಿಗೆ ನಿಂತದ್ದು." ಕೈಯಲ್ಲಿ ಬೀಡಿ ಇರಲಿಲ್ಲ. ಆದರೂ ನೆಟ್ಟಣ ಬರುವವರೆಗೆ ನಾನು ಬಿಡಲಿಲ್ಲ.

ಮನೆಯಲ್ಲಿ ಹಂದಿಮಾಂಸದ ಪರಿಮಳ ಅಂಗಳದ ತನಕ ಬಂದಿತ್ತು. ಅಣ್ಣ ಬೀಡಿಯ ಕಟ್ಟನ್ನು ಒಲೆಗೆ ಹಾಕಿ, ಕೈಕಾಲು ತೊಳೆದು ಬಂದು, "ಎರಡೇ ತುಂಡು" ಎಂದ. ಅತ್ತಿಗೆ ನನ್ನ ಮುಖ ನೋಡಿದರು. ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟುಬಂದರು.

ಮರುದಿನ ಬೆಳಿಗ್ಗೆ ಕಡಬದ ಬಸ್ಸಿಗೆ ಹೊರಟವಳು ಚಾ ಕುಡಿಯಲು ಅಡುಗೆಮನೆಗೆ ಹೋದೆ. ಅಣ್ಣ ಮಸಿತುಂಡು ಹಿಡಿದು ಗೋಡೆಯ ಮುಂದೆ ನಿಂತಿದ್ದ. ನಲವತ್ತೊಂಬತ್ತನೆಯ ಗೆರೆ ಎಳೆದಾಗಿತ್ತು.

"ಹೀಗೆ ಎಳೆದ್ರೆ ಗೋಡೆ ಸಾಕಾಗ್ಲಿಕ್ಕಿಲ್ಲ" ಎಂದರು ಅತ್ತಿಗೆ.

"ದನದ ಹಟ್ಟಿಯ ಗೋಡೆ ಖಾಲಿ ಉಂಟಲ್ಲ" ಎಂದ ಅಣ್ಣ.