ಒಂದು ಗುಡ್ಡ, ಎರಡು ಸಿದ್ಧಾಂತ

ಯಾವ ವಿಷಯದಲ್ಲೂ ಖಡಾಖಂಡಿತವಾಗಿ ಏನನ್ನೂ ಹೇಳದಿರುವ ಕಲೆ ನನಗೆ ಚೆನ್ನಾಗಿ ಸಿದ್ಧಿಸಿದೆ. ಮೂವತ್ತು ವರ್ಷ ಕನ್ನಡ ಮಾಷ್ಟ್ರಾಗಿದ್ದು, ಸ್ಟಾಫ್ ರೂಮಿನಲ್ಲಿ ಮೂರು ಪಕ್ಷಗಳ ಮೂರು ಅಧ್ಯಾಪಕ ಸಂಘಗಳ ನಡುವೆ ಕೂತು, ಯಾರ ಜೊತೆಗೂ ಮುಖ ಕೆಡಿಸಿಕೊಳ್ಳದೆ ಪಿಂಚಣಿ ಪಡೆದವನು ನಾನು. ಇದನ್ನು ಹೆಂಡತಿ ಹೇಡಿತನ ಎನ್ನುತ್ತಾಳೆ. ಊರವರು ಮಾತ್ರ ಪ್ರಬುದ್ಧತೆ ಎಂದು ತಪ್ಪು ತಿಳಿದಿದ್ದಾರೆ. ಹಾಗಾಗಿ ನಮ್ಮಲ್ಲಿ ಎಲ್ಲಿ ಸಭೆಯಾದರೂ ಕೈಯಿರುವ ಕುರ್ಚಿ ನನಗೇ ಮೀಸಲು. ಅಧ್ಯಕ್ಷರೆಂದರೆ ಎಲ್ಲರ ಮಾತು ಕೇಳಿಸಿಕೊಂಡು, ಕೊನೆಗೆ ಅವರೆಲ್ಲ ಹೇಳಿದ್ದನ್ನೇ ಸ್ವಲ್ಪ ಒಳ್ಳೆಯ ಕನ್ನಡದಲ್ಲಿ ಹೇಳಿ, ಚಹಾಕ್ಕೆ ಏಳಿಸುವವರು.

ನಮ್ಮೂರು ಗಡಿನಾಡಿನ ಪುತ್ತಿಗೆಯಿಂದ ಒಳಕ್ಕೆ, ಬಸ್ಸಿನ ಕಂಡಕ್ಟರನೂ ಹೆಸರು ಕೂಗಲು ಉದಾಸೀನ ಮಾಡುವಂಥದು. ಆದರೆ ಕೇರಳದ ಬೇರೆಲ್ಲ ಊರುಗಳಂತೆ ಇಲ್ಲಿಯೂ ಒಂದು ವಾಯನಶಾಲೆಯುಂಟು. ಸರ್ಕಾರಿ ಬಾಯಲ್ಲಿ ಗ್ರಂಥಾಲಯ, ನಮ್ಮ ಬಾಯಲ್ಲಿ ವಾಯನಶಾಲೆ. ನಾಲ್ಕು ಪತ್ರಿಕೆ, ಎರಡು ಕಪಾಟು ಪುಸ್ತಕ, ಮತ್ತು ಜಗತ್ತಿನ ಸಮಸ್ತ ವಿದ್ಯಮಾನಗಳ ಮೇಲೆ ಅಭಿಪ್ರಾಯವಿರುವ ಹದಿನೈದು ಗಂಡಸರು. ವಾರ್ಡಿನ ಮೋರಿ ಯಾವಾಗ ಕುಸಿಯಿತೆಂದು ಕೇಳಿದರೆ ತಲೆ ಕೆರೆದುಕೊಳ್ಳುವ ಇವರು, ಬರ್ಲಿನ್ ಗೋಡೆ ಯಾವಾಗ ಕುಸಿಯಿತೆಂದು ವಾರ ಸಮೇತ ಹೇಳುತ್ತಾರೆ. ಹೊರಗಿನವರು ಇದನ್ನು ಸಾಕ್ಷರತೆ ಎಂದು ಹೊಗಳುವುದನ್ನು ಕೇಳಿದ್ದೇನೆ.

ಈ ಹದಿನೈದು ಮಂದಿಯಲ್ಲಿ ಇಬ್ಬರ ಪರಿಚಯ ನಿಮಗಾಗಬೇಕು. ಒಬ್ಬರು ಐತಪ್ಪಣ್ಣ. ಕೂಲಿಕಾರರ ಸಹಕಾರ ಸಂಘದ ಕಾರ್ಯದರ್ಶಿ, ಕಂಕುಳಲ್ಲಿ ಸದಾ ಪಕ್ಷದ ಪತ್ರಿಕೆ, ಮನೆಯಲ್ಲಿ ಹೆಂಡತಿಯನ್ನು ಕರೆಯುವಾಗಲೂ ಭಾಷಣದ ಸ್ವರ. ಇನ್ನೊಬ್ಬರು ಲಾರೆನ್ಸ್ ಪೊರ್ಬು. ಕ್ರೈಸ್ತರನ್ನು ನಾವು ತುಳುವಿನಲ್ಲಿ ಗೌರವದಿಂದ ಪೊರ್ಬುಗಳು ಎನ್ನುವುದು. ಇಪ್ಪತ್ತು ವರ್ಷ ಕುವೈಟಿನಲ್ಲಿದ್ದು ಬಂದವರು, ಸರ್ಕಾರ ಮುಟ್ಟಿದ್ದೆಲ್ಲ ಹಾಳು ಎಂಬುದು ಅವರ ವೇದ. ಇಬ್ಬರೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವರು, ಈಗಲೂ ಒಂದೇ ಹೋಟೆಲಿನಲ್ಲಿ ಎದುರುಬದುರು ಕೂತು ಚಹಾ ಕುಡಿಯುವವರು. ನಮ್ಮೂರ ಗುಡ್ಡದ ಮೂಡು ಬದಿಯಲ್ಲಿ ಐತಪ್ಪಣ್ಣನ ಸಂಘದ ಮುರಕಲ್ಲಿನ, ಎಂದರೆ ಮನೆ ಕಟ್ಟುವ ಕೆಂಪುಕಲ್ಲಿನ, ಕೋರೆ. ಪಡು ಬದಿಯಲ್ಲಿ ಪೊರ್ಬುಗಳ ಸ್ವಂತ ಕೋರೆ. ಮೊದಲನೆಯದರಲ್ಲಿ ಗುಡ್ಡವನ್ನು ಶ್ರಮಿಕರ ಏಳಿಗೆಗಾಗಿ ಕಡಿಯುತ್ತಿದ್ದರು. ಎರಡನೆಯದರಲ್ಲಿ ಉದ್ಯಮಶೀಲತೆಗಾಗಿ. ಕಡಿಯುವ ಯಂತ್ರ ಮಾತ್ರ ಎರಡೂ ಕಡೆ ಒಂದೇ, ವಾರದಲ್ಲಿ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ಭಾನುವಾರ ಅದಕ್ಕೂ ರಜೆ.

ವಾಯನಶಾಲೆಗೆ ಹೊಸ ಕಟ್ಟಡ ಕಟ್ಟುವಾಗ ಕಲ್ಲು ಯಾರಲ್ಲಿಂದ ತರುವುದೆಂಬ ಪ್ರಶ್ನೆ ಬಂತು. ಸಮಿತಿ ಎರಡು ಹೋಳಾಗುವ ಹಾಗಿತ್ತು. ಆಗ ನಾನೇ ಒಂದು ಸಲಹೆ ಕೊಟ್ಟೆ: ಒಂದು ಲೋಡು ಸಂಘದ್ದು, ಒಂದು ಲೋಡು ಪೊರ್ಬುಗಳದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ಗೋಡೆ ಸಮಾಜವಾದದಿಂದಲೂ ಎರಡು ಗೋಡೆ ಬಂಡವಾಳದಿಂದಲೂ ಎದ್ದವು. ಸಿಮೆಂಟು ಮೆತ್ತಿದ ಮೇಲೆ ಯಾವುದು ಯಾವುದೆಂದು ಕಟ್ಟಿದ ಮೇಸ್ತ್ರಿಗೂ ಗೊತ್ತಾಗಲಿಲ್ಲ. ಇಷ್ಟು ಸೊಗಸಾದ ನ್ಯಾಯವನ್ನು ನಾನು ಜೀವನದಲ್ಲಿ ಮತ್ತೆ ಮಾಡಿಲ್ಲ ಎಂದು ಬಹಳ ದಿನ ಬೀಗಿದ್ದೆ.

ಆ ಕಟ್ಟಡದ ಪ್ರಾರಂಭೋತ್ಸವಕ್ಕೆ ಒಂದು ಚರ್ಚಾಕೂಟ. ಜನವರಿಯ ಒಂದು ಭಾನುವಾರ, ಮಧ್ಯಾಹ್ನದ ಊಟದ ಬಳಿಕ. ವಿಷಯ: ಪರಿಸರ ಹೆಚ್ಚು ಹಾಳಾದದ್ದು ಸಮಾಜವಾದಿ ದೇಶಗಳಲ್ಲೋ, ಬಂಡವಾಳಶಾಹಿ ದೇಶಗಳಲ್ಲೋ? ವಿಷಯವನ್ನು ಯಾರು ಆರಿಸಿದರೋ ಗೊತ್ತಿಲ್ಲ. ಅದೇ ಗುಡ್ಡದ ಕಲ್ಲಿನ ಗೋಡೆಗೆ ಒರಗಿ ಕೂತು ಅದನ್ನು ಚರ್ಚಿಸುತ್ತಿದ್ದೇವೆಂದು ಒಬ್ಬನಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಆಗ ಅಧ್ಯಕ್ಷ ಭಾಷಣಕ್ಕೆ ಒಂದು ಸಂಸ್ಕೃತ ಶ್ಲೋಕ ಹುಡುಕುವುದರಲ್ಲಿದ್ದೆ.

ಪೊರ್ಬುಗಳು ಸೋವಿಯತ್ ದೇಶದಿಂದ ಶುರುಮಾಡಿದರು. ಹತ್ತಿ ಬೆಳೆಯುವುದಕ್ಕೆಂದು ನದಿಗಳನ್ನು ತಿರುಗಿಸಿ ಅರಾಲ್ ಸಮುದ್ರವನ್ನೇ ಒಣಗಿಸಿದ್ದು, ಹಡಗುಗಳು ಮರಳಿನ ಮೇಲೆ ಕೂತು ತುಕ್ಕು ಹಿಡಿದದ್ದು, ಚೆರ್ನೋಬಿಲ್ ಹೊತ್ತಿಕೊಂಡಾಗ ಅಲ್ಲಿಯವರಿಗೇ ಹೇಳದೆ ಮುಚ್ಚಿಟ್ಟದ್ದು. ಚೀನಾದಲ್ಲಿ ಗುಬ್ಬಿಗಳು ಧಾನ್ಯ ತಿನ್ನುತ್ತವೆಂದು ಊರಿಗೆ ಊರೇ ತಟ್ಟೆ ಬಡಿದು, ಅವು ಎಲ್ಲೂ ಕೂರಲಾಗದೆ ದಣಿದು ಬಿದ್ದು ಸಾಯುವಂತೆ ಮಾಡಿದ್ದನ್ನು ಅವರು ಅಭಿನಯಿಸಿ ತೋರಿಸಿದರು. ಗುಬ್ಬಿ ಸತ್ತ ಮೇಲೆ ಹುಳಗಳು ಬಂದು ಬೆಳೆಯನ್ನು ತಿಂದವಂತೆ. ಐತಪ್ಪಣ್ಣ ಸುಮ್ಮನಿರುತ್ತಾರೆಯೇ? ಅಮೆರಿಕದಲ್ಲಿ ಕಾರ್ಖಾನೆಯ ಎಣ್ಣೆ ತುಂಬಿ ಹೊಳೆಗೇ ಬೆಂಕಿ ಹಿಡಿದದ್ದು, ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆಗೆ ಜನ ಉಸಿರುಗಟ್ಟಿ ಸತ್ತದ್ದು, ಭೋಪಾಲದ ವಿಷಾನಿಲ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಗಮನಿಸಿ, ತಂತಮ್ಮ ಪಕ್ಷದವರು ಒಂದು ಮರ ನೆಟ್ಟದ್ದನ್ನಾದರೂ ಇಬ್ಬರೂ ಹೇಳಲಿಲ್ಲ. ಎದುರಿನವನ ಪಾಪವೇ ತನ್ನ ಪುಣ್ಯವೆಂದು ತಿಳಿದ ಇಬ್ಬರು ವಿದ್ವಾಂಸರು ಸೇರಿ, ಎರಡೂ ವ್ಯವಸ್ಥೆಗಳು ಭೂಮಿಗೆ ಮಾರಿ ಎಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡಿದರು.

ಒಂದು ವಿಷಯವನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಅರಾಲ್ ಸಮುದ್ರದವರೆಗೆ ಹೋದ ಮಾತಿಗೆ ಪಕ್ಕದ ಗೇರು ತೋಟಕ್ಕೆ ಹೋಗಲು ದಾರಿ ತಪ್ಪಿತು. ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ನಮ್ಮ ಜಿಲ್ಲೆಯಲ್ಲಿ. ಏಳಲಾರದ, ಮಾತಾಡಲಾರದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ನಮ್ಮ ಆಚೀಚಿನ ಪಂಚಾಯತ್‌ಗಳವರು. ತೋಟ ಸರ್ಕಾರದ್ದು, ಆದ್ದರಿಂದ ಐತಪ್ಪಣ್ಣನಿಗೆ ಗಂಟಲು ಕಟ್ಟಿತು. ಮದ್ದು ಮಾರಿದ್ದು ಕಂಪೆನಿ, ಆದ್ದರಿಂದ ಪೊರ್ಬುಗಳಿಗೆ ನೆನಪು ಹೋಯಿತು. ಅಧ್ಯಕ್ಷನಾದ ನನಗೆ ಎರಡೂ ಆಯಿತು. ಆ ಹೊತ್ತಿನ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಆಗ ಹಿಂದಿನ ಬೆಂಚಿನಿಂದ ಕಮಲಕ್ಕ ಎದ್ದರು. ಗುಡ್ಡದ ಬುಡದ ಮನೆಯವರು, ಅರುವತ್ತು ದಾಟಿದವರು, ವಾಯನಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನೋಟೀಸಿನಲ್ಲಿ ಪರಿಸರ ಎಂದಿತ್ತಲ್ಲ, ಅದಕ್ಕೆ ಬಂದಿದ್ದರು.

"ಮಾಷ್ಟ್ರೆ, ನಮ್ಮ ಸುರಂಗದಲ್ಲಿ ನೀರು ಕೈಬೆರಳಿನಷ್ಟು ಬರ್ತಿತ್ತು. ಈಗ ನೂಲಿನಷ್ಟು ಉಂಟು. ಗುಡ್ಡೆ ಕಡಿದದ್ದಕ್ಕೆ ಅಂತ ನನಗೆ ಕಾಣ್ತದೆ. ಅದು ಇದರಲ್ಲಿ ಎಂತದಕ್ಕೆ ಸೇರ್ತದೆ?"

ಅದು ಇಂದಿನ ವಿಷಯದ ಚೌಕಟ್ಟಿಗೆ ಸೇರುವುದಿಲ್ಲ ಎಂದು ನಾನು ಬಹಳ ಮೃದುವಾಗಿ ತಿಳಿಸಿದೆ. ಚರ್ಚೆ ಸಮಸಮ ಎಂದು ತೀರ್ಪು ಕೊಟ್ಟೆ. ಚಹಾದ ಜೊತೆ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿಯಿತ್ತು.

ಸುರಂಗವೆಂದರೆ ಏನೆಂದು ಘಟ್ಟದ ಮೇಲಿನವರಿಗೆ ಹೇಳಬೇಕು. ನಾವು ಬಾವಿಯನ್ನು ಕೆಳಕ್ಕೆ ಮಾತ್ರ ತೋಡುವುದಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿಯೂ ಕೊರೆಯುತ್ತೇವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ. ಒಂದು ಕೈಯಲ್ಲಿ ಗುದ್ದಲಿ, ಮುಂದೆ ಮೇಣದ ಬತ್ತಿ. ಬತ್ತಿ ನಂದಿತೋ, ಗಾಳಿ ಸಾಲದೆಂದು ಹಿಂದೆ ಬರಬೇಕು. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಒಳಗೆ ಒಸರಿ ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಗುಡ್ಡ ಇದ್ದರೆ ಸಾಕು. ಕಮಲಕ್ಕನ ಗಂಡ ಕೃಷ್ಣಣ್ಣ ಕೂಲಿ ಮುಗಿಸಿ ಬಂದು ದಿನಾ ಸಂಜೆ ಒಂದಿಷ್ಟು ಕೊರೆದು, ನಾಲ್ಕು ವರ್ಷಕ್ಕೆ ನೀರು ಕಂಡ ಸುರಂಗ ಅದು. ಅವರು ತೀರಿಕೊಂಡ ಮೇಲೂ ಅದು ಕಮಲಕ್ಕನಿಗೂ ಅವರ ಎರಡು ಹಸುಗಳಿಗೂ ತಪ್ಪದೆ ನೀರು ಕೊಟ್ಟಿತ್ತು.

ಮಾರ್ಚಿನಲ್ಲಿ ಅದು ನಿಂತಿತು. ಕಮಲಕ್ಕ ಒಂದು ಹಸುವನ್ನು ತಂಗಿಯ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದರು. ಮರುವಾರ ಅವರ ಜಾಗದ ಅಂಚಿನ ಮಣ್ಣಿನ ರಸ್ತೆಗೆ ಅಡ್ಡಲಾಗಿ ಒಂದು ತೆಂಗಿನ ಮರದ ತುಂಡು ಬಿತ್ತು. ಆ ರಸ್ತೆಯಲ್ಲೇ ಎರಡೂ ಕೋರೆಗಳ ಲಾರಿಗಳು ಹೋಗುವುದು. ದಾರಿ ಕೇಳಿದವರಿಗೆ ಇಲ್ಲವೆನ್ನಬಾರದೆಂದು ಕೃಷ್ಣಣ್ಣ ಯಾವ ಕಾಗದವೂ ಇಲ್ಲದೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು.

ಬರ್ಲಿನ್ ಗೋಡೆ ಕುಸಿದಾಗಲೂ ಒಂದಾಗದಿದ್ದ ಐತಪ್ಪಣ್ಣ ಮತ್ತು ಪೊರ್ಬುಗಳು ಒಂದು ತೆಂಗಿನ ತುಂಡಿಗೆ ಒಂದಾದರು. ಒಂದೇ ಬೈಕಿನಲ್ಲಿ ನಮ್ಮ ಮನೆಗೆ ಬಂದರು. ಕೂಲಿಕಾರರ ಹೊಟ್ಟೆಪಾಡು ಎಂದು ಒಬ್ಬರು, ಊರಿನ ಅಭಿವೃದ್ಧಿ ಎಂದು ಇನ್ನೊಬ್ಬರು. ಅರ್ಧ ಗಂಟೆಯಲ್ಲಿ ಇವರ ಮಾತು ಅವರಿಗೂ ಅವರ ಮಾತು ಇವರಿಗೂ ಬಾಯಿಪಾಠವಾಗಿ, ಅಭಿವೃದ್ಧಿಯ ಬಗ್ಗೆ ಐತಪ್ಪಣ್ಣನೂ ಕೂಲಿಕಾರರ ಬಗ್ಗೆ ಪೊರ್ಬುಗಳೂ ಹೇಳತೊಡಗಿದರು. ಮಾಷ್ಟ್ರು ಒಂದು ಮಾತು ಹೇಳಿದರೆ ಕಮಲಕ್ಕ ಕೇಳುತ್ತಾರೆ ಎಂಬುದರಲ್ಲಿ ಇಬ್ಬರಿಗೂ ಪೂರ್ಣ ಒಮ್ಮತ. ನಾನು ಶಾಲು ಹೊದ್ದು ಅವರ ಜೊತೆ ಹೊರಟೆ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಹಗೆಯವನು ಬಂದರೂ ಅದು ತಪ್ಪುವುದಿಲ್ಲ. ಕಮಲಕ್ಕ ನಮ್ಮನ್ನು ಜಗಲಿಯಲ್ಲಿ ಕೂರಿಸಿದರು, ಒಳಗೆ ಹೋಗಿ ತಟ್ಟೆಯಲ್ಲಿ ಮೂರು ತುಂಡು ಬೆಲ್ಲ ತಂದಿಟ್ಟರು. ಮತ್ತೆ ಬಾಗಿಲಿಗೆ ಒರಗಿ ನಿಂತರು. ನಾವು ಬೆಲ್ಲ ಬಾಯಿಗೆ ಹಾಕಿದೆವು. ನೀರು ಬರುತ್ತದೆಂದು ಕಾದೆವು. ಬೆಲ್ಲ ಕರಗಿ ಗಂಟಲಿಗೆ ಅಂಟಿತು. ಪೊರ್ಬುಗಳು ಒಮ್ಮೆ ಕೆಮ್ಮಿದರು.

"ಇಷ್ಟೇ ಇರುವುದು," ಎಂದರು ಕಮಲಕ್ಕ.

ಮೂವರೂ ಎದ್ದು ಬಂದೆವು. ನಾಟಕವಾದರೆ ಇಲ್ಲಿಗೆ ಇಬ್ಬರೂ ಪಶ್ಚಾತ್ತಾಪಪಟ್ಟು ಕೋರೆ ಮುಚ್ಚಬೇಕು. ಅವರು ಮಾಡಿದ್ದೆಂದರೆ, ಗುಡ್ಡದ ತೆಂಕು ಬದಿಯನ್ನು ಒಟ್ಟಾಗಿ ಕಡಿದು ಲಾರಿಗಳಿಗೆ ಬೇರೆ ರಸ್ತೆ ಮಾಡಿಕೊಂಡರು. ಎರಡು ಸಿದ್ಧಾಂತಗಳು ಕೂಡಿ ದುಡಿದರೆ ಎಷ್ಟು ಬೇಗ ಕೆಲಸ ಮುಗಿಯುತ್ತದೆಂದು ಆಗ ಕಂಡೆ.

ಇಷ್ಟೆಲ್ಲ ಅವರನ್ನು ಆಡಿಕೊಂಡ ಮೇಲೆ ನಿಮ್ಮಿಂದ ಮುಚ್ಚಿಟ್ಟ ಒಂದು ಸಂಗತಿ ಹೇಳಿಬಿಡುತ್ತೇನೆ. ಅದಕ್ಕೆ ಹಿಂದಿನ ವರ್ಷ, ನಿವೃತ್ತಿಯಾದ ಹುಮ್ಮಸ್ಸಿನಲ್ಲಿ, ಹಿತ್ತಲಲ್ಲಿ ನಾನೊಂದು ಬೋರ್‌ವೆಲ್ ಕೊರೆಸಿದ್ದೆ. ನಮ್ಮ ಹಿತ್ತಲೂ ಅದೇ ಗುಡ್ಡದ ಬುಡವೇ. ಎಲ್ಲರೂ ಕೊರೆಸುತ್ತಿದ್ದರು, ನಾನೂ ಕೊರೆಸಿದೆ. ಅದಕ್ಕೆ ಯಾವ ಸಿದ್ಧಾಂತವನ್ನೂ ಹಚ್ಚಿರಲಿಲ್ಲ.

ಬೆಲ್ಲ ತಿಂದು ಬಂದ ಸಂಜೆ ಮನಸ್ಸು ತಡೆಯದೆ ಒಂದು ಕೊಡ ನೀರು ತುಂಬಿಸಿ ಹೊತ್ತುಕೊಂಡು ಹೋದೆ. ಕಮಲಕ್ಕ ಒಂದು ಚೆಂಬು ಮೊಗೆದು ಮೇಲಿಂದ ಬಾಯಿಗೆ ಹೊಯ್ದುಕೊಂಡರು. ಚೆಂಬನ್ನು ಕೆಳಗಿಟ್ಟು ಕೇಳಿದರು.

"ನಿಮ್ಮ ಬೋರಿದ್ದಾ ಮಾಷ್ಟ್ರೆ?"

ಹೌದೆಂದೆ.

"ಇದು ನಮ್ಮವರು ಸುರಂಗ ತೋಡಿ ತಂದ ನೀರೇ. ರುಚಿ ನನಗೆ ಗೊತ್ತಾಗ್ತದೆ."

ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು, ಅದು ನನಗೆ ಬರುವ ವಿದ್ಯೆ. ಕೊಡ ಅಲ್ಲೇ ಬಿಟ್ಟು ಬಂದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಖಾಲಿ ಕೊಡ ನಮ್ಮ ಜಗಲಿಯ ಮೇಲಿತ್ತು, ಪಕ್ಕದಲ್ಲಿ ಕಮಲಕ್ಕನದೇ ಇನ್ನೊಂದು ಕೊಡ. ತುಂಬಿಸಿ ಕೊಡಿ ಎಂದು ಅವರು ಕೇಳಿಲ್ಲ. ಕೊಡುತ್ತೇನೆ ಎಂದು ನಾನೂ ಹೇಳಿಲ್ಲ. ದಿನಾ ಎರಡು ಕೊಡ ಹೊತ್ತುಕೊಂಡು ಹೋಗುತ್ತೇನೆ. ಮಾಷ್ಟ್ರದು ದೊಡ್ಡ ಮನಸ್ಸು ಎಂದು ಊರವರು ವಾಯನಶಾಲೆಯಲ್ಲಿ ಮಾತಾಡಿಕೊಳ್ಳುತ್ತಾರಂತೆ. ಕಮಲಕ್ಕ ಮಾತ್ರ ಇದುವರೆಗೆ ಒಂದು ದಿನವೂ ನನಗೆ ಉಪಕಾರವಾಯಿತು ಎಂದಿಲ್ಲ.