ಗೋಡೆಯ ಮೇಲೆ ನಡೆದು ಹೋದವನು

ನನ್ನ ಕಾಕಾ ದೇವಿಂದ್ರ ಮಾಸ್ತರ್ ಸುರಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದ. ಅದರಲ್ಲಿ ಕೊನೆಯ ಇಪ್ಪತ್ತೈದು ವರ್ಷ ಒಂದು ಬೇಸಿಗೆ ರಜೆಯನ್ನೂ ನೆಟ್ಟಗೆ ಮನೆಯಲ್ಲಿ ಕಳೆಯಲಿಲ್ಲ. ಮೇ ಬಂತೆಂದರೆ ನಮ್ಮೂರು ಶಹಾಪುರದ ಶಾಲೆಯ ಕತ್ತಲೆ ಕೋಣೆಯಲ್ಲಿ ಹೋಗಿ ಕೂತುಬಿಡುತ್ತಿದ್ದ. ಕ್ಲಾಸು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ‘ಮಾಸ್ತರಗ ಓದಿನ ಹುಚ್ಚ ಹಿಡದದ’ ಎಂದು ಓಣಿಯವರು ನಗುತ್ತಿದ್ದರು. ಅವನು ರಿಟೈರಾಗುವವರೆಗೆ ನಾನೂ ಹಾಗೇ ತಿಳಿದಿದ್ದೆ, ಮಂಕುದಿಣ್ಣೆ.

ನನ್ನ ಅಪ್ಪ ಭಾಗಣ್ಣ 1948ರ ಬೇಸಿಗೆಯಲ್ಲಿ, ರಜಾಕಾರರ ಗದ್ದಲದ ದಿನಗಳಲ್ಲಿ, ಬಂಡಿಯಲ್ಲಿ ಶೇಂಗಾ ಹೇರಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋದ. ಮೂರನೆಯ ದಿನ ಎತ್ತುಗಳು ತಾವಾಗಿ ಭೀಮಾ ದಾಟಿ ಖಾಲಿ ಬಂಡಿ ಎಳೆದುಕೊಂಡು ಮನೆಗೆ ಬಂದವು. ಅಪ್ಪ ಬರಲಿಲ್ಲ. ನನಗಾಗ ಎರಡು ವರ್ಷ. ಅಪ್ಪನೆಂದರೆ ನನಗೆ ಮಂದಿ ಹೇಳಿದ್ದಷ್ಟೇ: ತಲೆಗೆ ಕೆಂಪು ರುಮಾಲು, ಸಣ್ಣವನಿದ್ದಾಗ ಬಂಡಿಯ ಗಾಲಿ ಹಾಯ್ದು ಕೆಟ್ಟುಹೋದ ಎಡಗಾಲು, ಹೆಜ್ಜೆಗೊಮ್ಮೆ ಎಡಗೈಯನ್ನು ಎಡ ಮೊಣಕಾಲಿಗೆ ಒತ್ತಿ ಕಾಲೆಳೆಯುವ ನಡಿಗೆ.

ನಮ್ಮ ಮನೆತನದಲ್ಲಿ ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾಯುತ್ತಾರೆ. ಬಾರದಿದ್ದರೆ ಜೋಳದ ದಂಟಿನ ಗೊಂಬೆ ಕಟ್ಟಿ, ಅವನ ಧೋತರ ಉಡಿಸಿ, ಹೊಲದಲ್ಲಿ ಮಣ್ಣು ಕೊಡುತ್ತಾರೆ. ಹೆಂಡತಿಯ ಬಳೆ ಒಡೆಯುವುದು ಅವತ್ತು. ಅಲ್ಲಿಯವರೆಗೆ ಅವಳು ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಉಡಿ ತುಂಬುವಾಗ ಹೆಂಗಸರು ನನ್ನ ಅವ್ವ ಶೇಖಮ್ಮನ ಮುಂದೆ ಬಂದು ಒಂದು ಗಳಿಗೆ ಅನುಮಾನಿಸಿ ನಿಲ್ಲುತ್ತಿದ್ದರು. ಆ ಒಂದು ಗಳಿಗೆಗಾಗಿ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

1960ರ ಕಾರಹುಣ್ಣಿಮೆಗೆ ಹನ್ನೆರಡು ವರ್ಷ ತುಂಬುತ್ತಿತ್ತು. ಮನೆಯ ಹಿರಿಯ ಗುರಣ್ಣ ಮುತ್ಯಾ ದಿನ ಗೊತ್ತು ಮಾಡಿದ್ದ. ಅಪ್ಪನಿಗೆ ನಾನೊಬ್ಬಳೇ ಮಗಳು, ಗಂಡುಮಕ್ಕಳಿಲ್ಲ. ಹಾಗಾಗಿ ಮಣ್ಣು ಕೊಡಬೇಕಾದವನು ತಮ್ಮ, ಅಂದರೆ ಕಾಕಾ.

ಅದೇ ಮೇ ತಿಂಗಳಲ್ಲಿ ಶಹಾಪುರದಲ್ಲಿ ಡಿಗ್ರಿಯಾದ ಫಿಸಿಕ್ಸ್ ಮಾಸ್ತರರಿಗೆ ಆರು ವಾರದ ಬೇಸಿಗೆ ಓದು ಶುರುವಾಯಿತು. ಕಾಕಾ ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಕಲಿತವನು. ನಿಜಾಮನ ರಾಜ್ಯ ಹೋಗಿ, ನಾವು ಮೈಸೂರಿಗೆ ಸೇರಿ, ಈಗ ಅದನ್ನೆಲ್ಲ ಕನ್ನಡದಲ್ಲಿ ಕಲಿಸಬೇಕಾಗಿತ್ತು. ಬೆಳಕು ಅನ್ನಬೇಕಾದಲ್ಲಿ ಅವನ ಬಾಯಿಗೆ ರೋಶನಿಯೇ ಬರುತ್ತಿತ್ತು. ಕಲಿಸಲು ಬಂದ ಲೆಕ್ಚರರ್ ಬಸವಂತರಾಯರು ಒಂದು ಕೋಣೆಯ ಕಿಟಕಿಗಳಿಗೆಲ್ಲ ಗೋಣಿತಟ್ಟು ಬಡಿಸಿ, ಒಂದು ಹಲಗೆಯಲ್ಲಿ ಸಣ್ಣ ತೂತು ಕೊರೆಸಿದರು. ಹೊರಗಿನ ಓಣಿ ಆ ತೂತಿನೊಳಗಿಂದ ಬಂದು ಎದುರಿನ ಸುಣ್ಣದ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತಿತ್ತು. ಬೇವಿನ ಮರ ಮೇಲಿನಿಂದ ಕೆಳಗೆ ಬೆಳೆದಿತ್ತು. ಮಂದಿ ಕಾಲು ಮೇಲೆ ಮಾಡಿಕೊಂಡು ಸಪ್ಪಳವಿಲ್ಲದೆ ನಡೆಯುತ್ತಿದ್ದರು.

"ಇದ್ರಾಗ ಮಾಟ ಮಂತ್ರ ಏನೂ ಇಲ್ರಿ," ಅಂದರಂತೆ ಬಸವಂತರಾಯರು. "ಹೊರಗ ಇದ್ದದ್ದಷ್ಟ ಒಳಗ ಬರ್ತದ. ಬೆಳಕು ಸುಳ್ಳು ಹೇಳೋದಿಲ್ಲ."

ಒಂದು ದಿನ ಉಳಿದವರೆಲ್ಲ ಊಟಕ್ಕೆ ಹೋದಾಗ ಕಾಕಾ ಒಬ್ಬನೇ ಕೋಣೆಯಲ್ಲಿ ಉಳಿದ. ನಡುಮಧ್ಯಾಹ್ನ. ಹೊರಗೆ ಬಿಸಿಲು ಭಣಗುಡುತ್ತಿತ್ತು, ನಾಯಿಯೂ ಓಡಾಡುತ್ತಿರಲಿಲ್ಲ. ಗೋಡೆಯ ಮೇಲಿನ ಖಾಲಿ ಓಣಿಯಲ್ಲಿ ಒಬ್ಬ ಮನುಷ್ಯ ಬಂದ. ಕೆಂಪು ರುಮಾಲು. ಒಂದು ಕಾಲು ಎಳೆಯುತ್ತಿದ್ದ. ಕಾಕಾ ಎದ್ದು, ಗೋಡೆಗೆ ಬೆನ್ನು ಮಾಡಿ ಬಗ್ಗಿ, ಹುಡುಗರ ಹಾಗೆ ತನ್ನ ಕಾಲುಗಳ ನಡುವಿನಿಂದ ನೋಡಿದ. ಆಗ ಆ ಮನುಷ್ಯ ನೆಟ್ಟಗೆ ಕಂಡ. ಎಡಗೈ ಎಡ ಮೊಣಕಾಲ ಮೇಲಿತ್ತು.

ಹಲಗೆ ಕಿತ್ತೊಗೆದು ನೋಡಿದರೆ ಓಣಿ ಖಾಲಿ. ಈ ತುದಿಯಿಂದ ಆ ತುದಿಯವರೆಗೆ ಒಂದು ಸಂದಿಯೂ ಇಲ್ಲದ ಓಣಿ ಅದು, ಕುಂಟ ಮನುಷ್ಯ ಅಷ್ಟರಲ್ಲಿ ಎಲ್ಲಿಗೆ ಹೋದಾನು? ಬೇವಿನ ಕೆಳಗೆ ಮಾವಿನಹಣ್ಣು ಮಾರುವ ಸಾಯಬಮ್ಮ ಒಬ್ಬಳೇ ಕೂತಿದ್ದಳು, ಅವಳನ್ನು ಕೇಳಿದ.

"ಯಾರೂ ಹೋಗಿಲ್ಲಪಾ," ಅಂದಳು ಮುದುಕಿ. "ಮುಂಜಾನಿಯಿಂದ ಇಲ್ಲೇ ಕುಂತೀನಿ. ಈ ಬಿಸಲಾಗ ದೆವ್ವ ತಿರಗಬೇಕಷ್ಟ."

ಕಾಕಾ ಬರಿಗಾಲಲ್ಲಿ ಮನೆಗೆ ಓಡಿಬಂದ. ಚಪ್ಪಲಿ ಶಾಲೆಯಲ್ಲೇ ಬಿಟ್ಟಿದ್ದ. ಬಂದವನೇ ಅತ್ತಿಗೆಯನ್ನು ಕೂಗಿದ. "ವೈನಿ, ಅಣ್ಣ ಅದಾನ! ನಾ ಕಣ್ಣಾರೆ ನೋಡೀನಿ!"

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಹಾಗೇ ನಿಂತಿತು. ಗುರಣ್ಣ ಮುತ್ಯಾ ಕೆಂಡವಾದ. "ಬಿಸಲಿಗೆ ತಲಿ ತಿರುಗ್ಯಾದೇನ್ಲೇ ನಿಂದು? ಓಣ್ಯಾಗ ಇಲ್ಲದಾಂವ ಗ್ವಾಡಿ ಮ್ಯಾಲ ಹ್ಯಾಂಗ ಬಂದ?"

"ಹೊರಗ ಇಲ್ಲದ್ದು ಒಳಗ ಬರಾಂಗಿಲ್ಲ ಮುತ್ಯಾ. ರೋಶನಿ ಸುಳ್ಳು ಹೇಳೋದಿಲ್ಲ. ನಾ ಗೊಂಬಿಗೆ ಮಣ್ಣು ಕೊಡಾಂಗಿಲ್ಲ!"

ದೆವ್ವ ನೋಡಿದೆ ಅಂದಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕಲಿತ ಮನುಷ್ಯ ಕಲಿತ ಮಾತು ಆಡಿದನಲ್ಲ, ಮುತ್ಯಾ ಬೈಯುತ್ತಲೇ ಕಾರ್ಯ ನಿಲ್ಲಿಸಿದ. ಅವ್ವ ಅವತ್ತೇ ಬಳೆಗಾರತಿ ಖುರ್ಷೀದಬೇಗಂ ಕೈಯಿಂದ ಎರಡೂ ಕೈಗೆ ಹಸಿರು ಬಳೆ ತೊಡಿಸಿಕೊಂಡು ಬಂದಳು. ಹದಿನಾಲ್ಕು ವರ್ಷದ ನಾನು ಅವಳು ಬಾಯಿ ತುಂಬ ನಕ್ಕದ್ದನ್ನು ಮೊದಲ ಸಲ ನೋಡಿದೆ. ಅಲ್ಲಿಂದ ಎಂಟು ದಿನ, ಮಧ್ಯಾಹ್ನವಾದರೆ ಸಾಕು, ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಒಂದು ತಂಬಿಗೆ ನೀರಿಟ್ಟುಕೊಂಡು ಓಣಿ ನೋಡುತ್ತ ಕೂರುತ್ತಿದ್ದಳು.

ಒಂಬತ್ತನೆಯ ದಿನ ಬಸವಂತರಾಯರು ಅದೇ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ಬಿದ್ದಿದ್ದ ಎದುರಿನ ದರ್ಜಿ ಅಂಗಡಿಯ ಬೋರ್ಡು ತೋರಿಸಿದರು. "ಮಾಸ್ತರ್ರ, ಬಗ್ಗಿ ಅದನ್ನ ಓದ್ರಿ ನೋಡೋಣು."

ಕಾಕಾ ಬಗ್ಗಿ ನೋಡಿದ. ಅಕ್ಷರ ನೆಟ್ಟಗಾಗಿದ್ದವು, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿದ್ದವು.

ಸುರಪುರದಲ್ಲಿ ಅವನು ಮಕ್ಕಳಿಗೆ ತೋರಿಸುತ್ತಿದ್ದದ್ದು ರಟ್ಟಿನ ಡಬ್ಬಿ. ಮುಂದೆ ತೂತು, ಹಿಂದೆ ಎಣ್ಣೆಕಾಗದ. ಆ ಚಿತ್ರವನ್ನು ಕಾಗದದ ಹಿಂದಿನಿಂದ ನೋಡುತ್ತೇವೆ, ಆದ್ದರಿಂದ ತಲೆ ಕೆಳಗೆ ಮಾಡಿದರೆ ಎಲ್ಲ ಸರಿಹೋಗಿ ಎಡ ಎಡವಾಗಿಯೇ ಇರುತ್ತದೆ. ಗೋಡೆಯ ಚಿತ್ರವನ್ನು ಮುಂದಿನಿಂದ ನೋಡುತ್ತೇವೆ. ಅಲ್ಲಿ ತಲೆ ಕೆಳಗೆ ಮಾಡಿದರೆ ಎಡ ಬಲವಾಗುತ್ತದೆ. ಡಬ್ಬಿಯ ರೂಢಿಯಲ್ಲಿ ಕಾಕಾ ಗೋಡೆಯನ್ನು ಓದಿದ್ದ. ಗೋಡೆಯ ಮೇಲೆ ಎಡಗಾಲು ಎಳೆದವನು ಓಣಿಯಲ್ಲಿ ಬಲಗಾಲು ಎಳೆಯುವವನು. ಅವನು ನನ್ನ ಅಪ್ಪನಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ! ಆದರೆ ಈ ಸತ್ಯಹರಿಶ್ಚಂದ್ರ ನೆಟ್ಟಗೆ ಮನೆಗೆ ಬಂದು ಹೇಳಿದ. "ವೈನಿ, ತಪ್ಪಾತು. ಅಂವ ಅಣ್ಣ ಅಲ್ಲ."

ಅವ್ವ ತಂಬಿಗೆಯ ನೀರನ್ನು ತುಳಸಿಗೆ ಹಾಕಿ ಒಳಗೆ ಹೋದಳು. ಕಾರಹುಣ್ಣಿಮೆಯ ಮರುದಿನ ಕಾಕಾ ದಂಟಿನ ಗೊಂಬೆಗೆ ಮಣ್ಣು ಕೊಟ್ಟ. ತಿಂಗಳೂ ತುಂಬದ ಹಸಿರು ಬಳೆಗಳನ್ನು ಕಲ್ಲಿನ ಮೇಲೆ ಒಡೆದರು. ಆ ವಾರವೇ ಕಾಕಾನಿಗೆ ಓದು ಮುಗಿಸಿದ ಸರ್ಟಿಫಿಕೇಟು ಬಂತು. ಅದನ್ನು ಒಲೆಗೆ ಹಾಕಬೇಕೆಂದು ನಾನು ಎರಡು ಸಲ ಕೈಗೆ ತೆಗೆದುಕೊಂಡಿದ್ದೆ.

ಅವತ್ತಿನಿಂದ ಅವ್ವ ಮಧ್ಯಾಹ್ನವಾದರೆ ಮುಂಬಾಗಿಲು ಹಾಕತೊಡಗಿದಳು. ಬಿಸಿಲಿಗೆಂದು ನಾನು ತಿಳಿದೆ.

ಇಪ್ಪತ್ತೈದು ವರ್ಷದ ಮೇಲೆ, 1985ರ ಮೇ ತಿಂಗಳ ಕೊನೆಯ ದಿನ ಕಾಕಾ ರಿಟೈರಾಗಿ ಮನೆಗೆ ಬಂದ. ಕೊರಳಲ್ಲಿ ಶಾಲೆಯವರು ಹಾಕಿದ ಹಾರ ಹಾಗೇ ಇತ್ತು. ನಾನೂ ತವರಿಗೆ ಬಂದಿದ್ದೆ. ಮಧ್ಯಾಹ್ನದ ಊಟವಾಗಿ, ಎಂದಿನಂತೆ ಮುಂಬಾಗಿಲು ಹಾಕಿ, ಪಡಸಾಲೆಯಲ್ಲಿ ಕೂತಿದ್ದೆವು. ಅವ್ವ ಒಳಗೆ ಅಡಕೆ ಕತ್ತರಿಸುತ್ತಿದ್ದಳು. "ಇನ್ನರ ಆ ಕತ್ತಲ ಕ್ವಾಣಿ ಬಿಡು ಕಾಕಾ," ಅಂದೆ. ಅವನು ನಗಲಿಲ್ಲ.

"ಮರು ವರ್ಷ ಬ್ಯಾಸಗ್ಯಾಗ ಅಂವ ಮತ್ತ ಬಂದಿದ್ದ," ಅಂದ.

"ಯಾರು?"

"ಗ್ವಾಡಿ ಮ್ಯಾಲ. ಅದ ಹೊತ್ತು. ಬಗ್ಗಿ ನೋಡಿದೆ. ಈ ಸಲ ಬಲಗೈ ಬಲ ಮೊಣಕಾಲ ಮ್ಯಾಲಿತ್ತು."

ಗೋಡೆಯ ಮೇಲೆ ಬಲವೆಂದರೆ ಓಣಿಯಲ್ಲಿ ಎಡ. ಈ ಸಲ ತಪ್ಪಿರಲಿಲ್ಲ. "ಹಲಗಿ ತಗದು ನೋಡಿದೇನು?"

"ಇಲ್ಲ. ತಗದಾಗ ಇರಲಿಲ್ಲಂದ್ರ ಹ್ಯಾಂಗ? ಇದ್ದನಂದ್ರ ಇನ್ನೂ ಹ್ಯಾಂಗ? ಕೈಯಾರೆ ಮಣ್ಣು ಕೊಟ್ಟಿದ್ದೆ."

"ಅವ್ವಗರ ಹೇಳಬಾರದಿತ್ತೇನು? ಇಪ್ಪತ್ತನಾಕ ವರ್ಷ ಹೊಟ್ಟ್ಯಾಗ ಇಟಗೊಂಡ ಕುಂತಿದ್ದೇನು? ನಿನ್ನ ಜೀವ ಕಲ್ಲೇನು?" ನಾನು ಕೂಗಾಡಿದೆ. ಅತ್ತೂಬಿಟ್ಟೆ.

ಒಳಗೆ ಅಡಕೊತ್ತಿನ ಸಪ್ಪಳ ನಿಂತಿತು. ಅವ್ವ ಬಂದು ಬಾಗಿಲ ಪಕ್ಕ ನಿಂತಳು.

"ಅವನ್ನ ಬೈಬ್ಯಾಡ," ಅಂದಳು. "ನನಗ ಗೊತ್ತಿತ್ತು. ಆ ದಿನ ಅಂವ ಉಣಲಿಲ್ಲ, ನನ್ನ ಬರೇ ಕೈ ನೋಡಿ ಮಾರಿ ತಿರುವಿದ. ಕೇಳಿದ್ರ ಹೇಳತಿದ್ದ. ನಾನ ಕೇಳಲಿಲ್ಲ."

"ಯಾಕ ವೈನಿ?" ಕಾಕಾ ಕೇಳಿದ.

"ಕೇಳಿದ್ರ ಮತ್ತ ಬಳಿ ತೊಟ್ಟು ಬಾಗಿಲಾ ಕಾಯಬೇಕಾಗ್ತಿತ್ತು. ಇನ್ನೊಂದ ಹನ್ನೆರಡ ವರ್ಷ ನನ್ನ ಕೈಲಿ ಆಗತಿರಲಿಲ್ಲಪಾ."

ಹೊರಗೆ ಓಣಿಯಲ್ಲಿ ಯಾರೋ ನಡೆದು ಬರುವ ಸಪ್ಪಳವಾಯಿತು. ಒಂದು ಹೆಜ್ಜೆ ಊರುವುದು, ಒಂದು ಎಳೆಯುವುದು. ಮೂವರಿಗೂ ಕೇಳಿಸಿತು. ಸಪ್ಪಳ ನಮ್ಮ ಹೊಸ್ತಿಲವರೆಗೆ ಬಂದು ನಿಂತಿತು. ಕಾಕಾ ಕಣ್ಣು ಮುಚ್ಚಿಕೊಂಡ. ಅವ್ವ ನನ್ನ ಮುಖವನ್ನೇ ನೋಡಿದಳು.

ಬಾಗಿಲಿಗೆ ಹತ್ತಿರವಿದ್ದವಳು ನಾನೇ. ಎದ್ದೆ. ಎದ್ದು ಅಗಳಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಿ, ಮತ್ತೆ ಬಂದು ಕೂತೆ.