ಪಟ್ಟಿಗೇರಿದ ಮೇಷ್ಟ್ರು
ಜೀವರಸಾಯನದ ಮೇಷ್ಟ್ರು ಬೆಳಿಗ್ಗೆ ಕನ್ನಡಿಗಿಂತ ಮೊದಲು ವಿಜ್ಞಾನಿಗಳ ರ್‍ಯಾಂಕ್ ಪಟ್ಟಿ ನೋಡಿಕೊಳ್ಳುತ್ತಾರೆ. ತಮ್ಮ ಲೇಖನಗಳನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬುದರ ಮೇಲೆ ಅವರ ಆ ದಿನದ ಹಸಿವು ನಿಂತಿದೆ. ಅವರ ಲ್ಯಾಬಿನ ಯಾವ ಲೇಖನವೂ, ಯೀಸ್ಟಿನದಾಗಲಿ ಇಲಿಯ ಲಿವರಿನದಾಗಲಿ, ಒಂದು ಕಿಣ್ವದ ಬಗ್ಗೆ ಮೇಷ್ಟ್ರು ಬರೆದ ಹೆಸರಾಂತ ಹಳೆಯ ಲೇಖನಕ್ಕೆ ನಮಸ್ಕಾರ ಹಾಕದೆ ಹೊಸ್ತಿಲು ದಾಟುವಂತಿಲ್ಲ. ಮೊಮ್ಮಗಳಿಗೆ ಜ್ವರ ಎಂದು ಹೆಂಡತಿ ಫೋನ್ ಮಾಡಿದರೆ, "ಇರೇ, ಎರಡು ಸ್ಥಾನ ಮೇಲೇರಿದೀನಿ" ಎನ್ನುತ್ತಾರೆ. "ಹಾಗಾದ್ರೆ ಊಟಕ್ಕೂ ಅಲ್ಲೇ ಇರಿ" ಎಂದು ಆಕೆ ಫೋನಿಡುತ್ತಾರೆ. ಮೊನ್ನೆ ಅವರ ಸಂಶೋಧನಾ ವಿದ್ಯಾರ್ಥಿನಿ ಎದುರಿಗೆ ಬಂದು ನಿಂತಳು. ಆ ಹೆಸರಾಂತ ಲೇಖನದ ಕಿಣ್ವ ಮೇಷ್ಟ್ರು ಹೇಳಿದ ಕೆಲಸ ಮಾಡುವುದೇ ಇಲ್ಲವೆಂದು ಅವಳ ಪ್ರಯೋಗದಲ್ಲಿ ಗೊತ್ತಾಗಿತ್ತು. "ಲೇಖನ ವಾಪಸ್ ತಗೊಳ್ಳಿ ಸಾರ್. ಅದನ್ನ ನಂಬಿ ಎಷ್ಟೋ ಜನ ವರ್ಷಗಟ್ಟಲೆ ಹಾಳುಮಾಡ್ಕೋತಿದಾರೆ, ನಾನೂ ಸೇರಿ." ಮೇಷ್ಟ್ರಿಗೆ ಸಿಟ್ಟೇ ಬರಲಿಲ್ಲ. "ಅಯ್ಯೋ ಪೆದ್ದಿ, ತಪ್ಪು ಅಂತಲೇ ಬರಿ. ಬೈದರೂ ಅದು ಉಲ್ಲೇಖವೇ. ವಾಪಸ್ ತಗೊಂಡ್ರೆ ಯಾರು ಎಣಿಸ್ತಾರೆ?" ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಿಂದೊಮ್ಮೆ ಇದೇ ಮೇಷ್ಟ್ರು ತರಗತಿಗೆ ಓಡಿಬಂದು, "ನಿನ್ನೆ ನಾನು ಹೇಳಿದ್ದು ತಪ್ಪು ಕಣ್ರಪ್ಪಾ, ಈಗಷ್ಟೇ ಗೊತ್ತಾಯ್ತು!" ಎಂದು ಮಗುವಿನಂತೆ ಕುಣಿದಿದ್ದರು. ಆ ಕುಣಿತ ನೋಡಿಯೇ ಅವಳು ಈ ವಿಷಯಕ್ಕೆ ಬಿದ್ದದ್ದು. "ಆ ಮೇಷ್ಟ್ರು ಇದ್ದಿದ್ರೆ ನಿಮ್ಮ ಕಿವಿ ಹಿಂಡ್ತಿದ್ರು ಸಾರ್" ಎಂದವಳೇ, ತಪ್ಪನ್ನು ಆ ಲೇಖನ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ತಾನೇ ತಿಳಿಸಲು ಹೊರಟಳು.